ಗೋಮಾಳವೂ ಘಾಟಿಯ ಜಾತ್ರೆಯೂ

ಪುಷ್ಯಮಾಸವು ಸಮೀಪಿಸಿತೆಂದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ಕ್ಷೇತ್ರದಲ್ಲಿ ದನಗಳ ಜಾತ್ರೆಯು ನೆರೆಯುವುದೆಂಬುದು ವಾಚಕ ಮಹಾಶಯರೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವಕ್ಕೆ ಕೆಲವು ದಿನ ಮುಂಚಿತವಾಗಿಯೇ ಹಳ್ಳಿಕಾರ್ ತಳಿಯ ಹೋರಿಗಳೂ ಎತ್ತುಗಳೂ ಬಂದು ಬಯಲನ್ನು ತುಂಬುವುವು. ದೂರದ ಜಿಲ್ಲೆಗಳ ರೈತರು ಹಲ್ಲು ನೋಡಿ, ಸುಳಿ ನೋಡಿ, ಜೋಡಿ ಹೊಂದಿಸಿ ಕೊಂಡೊಯ್ಯುವರು. ಸಂಕ್ರಾಂತಿಗೆ ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟದಲ್ಲಿ ಗಂಗಾಧರೇಶ್ವರನ ಕಲ್ಯಾಣೋತ್ಸವವು ನಡೆಯುವುದು. ಮಾಗಿಯ ಕಾಲದಲ್ಲಿ ಈ ಸೀಮೆಯನ್ನು ನೋಡಬಂದವರಿಗೆ ಕಣ್ಣಿಗೂ ಮನಸ್ಸಿಗೂ ಕೊರತೆಯಿಲ್ಲ.

ಇದೇ ಕಾಲಕ್ಕೆ ಇಲ್ಲಿ ಮತ್ತೊಂದು ಪರಿಷೆಯೂ ಕೂಡುತ್ತದೆ. ದೊಡ್ಡಬಳ್ಳಾಪುರದ ಗಡಿಗೆ ಸಮೀಪವಾದ ಹೆಸರಘಟ್ಟದ ಹುಲ್ಲುಗಾವಲಿಗೆ, ಸೆಳೆವವೆಂದು ಕರೆಯುವ ಗಿಡುಗದ ಜಾತಿಯ ಹಕ್ಕಿಗಳು ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲವನ್ನು ಕಳೆಯಲು ಬರುತ್ತವೆ. ಇವು ಹಗಲು ಮಿಡತೆಗಳನ್ನೂ ಇಲಿಗಳನ್ನೂ ಹಿಡಿದು ರೈತನಿಗೆ ಉಪಕಾರ ಮಾಡಿ, ರಾತ್ರಿ ಮರವನ್ನೇರದೆ ಹುಲ್ಲಿನ ನಡುವೆ ನೆಲದ ಮೇಲೆಯೇ ತಂಗುವುವು. ಎತ್ತಿಗೆ ಮೇವಾದ ಹುಲ್ಲೇ ಹಕ್ಕಿಗೆ ಹಾಸಿಗೆಯಾಗಿರುವುದು. ಆದುದರಿಂದ ಎರಡರ ಅಳಿವು ಉಳಿವುಗಳೂ ಒಂದೇ ಆಗಿವೆ.

ಈ ಹುಲ್ಲಿನ ನೆಲಕ್ಕೆ ಒದಗಿರುವ ಅಪಾಯವು ಯಾವುದು? ಕರ್ನಾಟಕದ 1966ರ ಭೂಕಂದಾಯ ನಿಯಮಗಳಂತೆ ಗ್ರಾಮದ 100 ಜಾನುವಾರುಗಳಿಗೆ 12 ಹೆಕ್ಟೇರಿನಂತೆ, ಎಂದರೆ ಸುಮಾರು 30 ಎಕರೆ, ಗೋಮಾಳವನ್ನು ಬಿಡತಕ್ಕದ್ದು. ಈ ಲೆಕ್ಕಕ್ಕೆ ಮೀರಿದುದನ್ನು ಬೇರೆ ಉಪಯೋಗಕ್ಕೆ ಕೊಡಲು ಅವಕಾಶವುಂಟು. ಟ್ರಾಕ್ಟರು ಬಂದು ಎತ್ತುಗಳು ಕಡಿಮೆಯಾದಂತೆಲ್ಲ ಗೋಮಾಳವು ದಫ್ತರದಲ್ಲಿ ಹೆಚ್ಚುವರಿಯೆನಿಸುವುದು. ಹೆಚ್ಚುವರಿಯೆನಿಸಿದ ನೆಲವು ಕೈಬಿಟ್ಟಮೇಲೆ ಮೇವಿಗೆ ದಾರಿ ಕಾಣದ ಒಕ್ಕಲಿಗನು ಉಳಿದ ಎತ್ತುಗಳನ್ನೂ ಮಾರುವನು. ಮರುವರ್ಷದ ಲೆಕ್ಕವು ಮತ್ತಷ್ಟು ಇಳಿಯುವುದು. ನ್ಯಾಯವಾಗಿ ಹುಟ್ಟಿದ ನಿಯಮವೇ ಹೀಗೆ ತಾನು ಕಾಯಬೇಕಾದುದನ್ನು ತಿನ್ನುತ್ತಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ಆರಂಭವಾದಂದಿನಿಂದ ನೆಲದ ಬೆಲೆಯು ಏರಿರುವಾಗ ಈ ತಿನ್ನುವಿಕೆಯು ಎಷ್ಟು ವೇಗವಾಗಬಹುದೆಂಬುದನ್ನು ಯಾರೂ ಊಹಿಸಬಲ್ಲರು.

ಭೂಮಿಯಿಲ್ಲದವರಿಗೆ ಭೂಮಿ ಬೇಡವೆಂದು ನಾವು ಹೇಳುವವರಲ್ಲ. ಆದರೆ ಬಡವನ ಕುರಿ ಮೇಯುವುದೂ ಗೋಮಾಳದಲ್ಲಿಯೇ ಎಂಬುದನ್ನು ಮರೆಯಲಾಗದು. ಬಯಲೆಲ್ಲ ಬಂಜರೆಂದು ಬಗೆದು ಅಲ್ಲಿ ನೀಲಗಿರಿಯ ತೋಪು ಹಾಕುವುದೂ ಹುಲ್ಲಿನ ಪಾಲಿಗೆ ಉಪಕಾರವಲ್ಲ.

ಹೆಸರಘಟ್ಟದ ಸಂರಕ್ಷಣೆಯ ಸಲಹೆಯನ್ನು 2021ರಲ್ಲಿ ತಳ್ಳಿಹಾಕಿದ ರಾಜ್ಯ ವನ್ಯಜೀವಿ ಮಂಡಳಿಯೇ 2024ರಲ್ಲಿ ಅದಕ್ಕೆ ಸಮ್ಮತಿಯಿತ್ತುದು ಸಂತೋಷದ ಸಂಗತಿ. ಇಂತಹ ಮೀಸಲು ಪ್ರದೇಶದ ಸಮಿತಿಯಲ್ಲಿ ಆಯಾ ಗ್ರಾಮಪಂಚಾಯತಿಯ ಪ್ರತಿನಿಧಿಗೆ ಸ್ಥಾನವಿರಬೇಕೆಂದು ಕಾನೂನೇ ವಿಧಿಸಿದೆ. ಆ ಸ್ಥಾನವು ಹೆಸರಿಗಷ್ಟೇ ಆಗಬಾರದು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಿಸೆಯ ತೋಪಿಗೆ 2007ರಲ್ಲಿಯೇ ದೇಶದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಬಿರುದು ದೊರೆತಿದೆ. ಬಿರುದು ದೊಡ್ಡದೇ, ಆದರೆ ಮುದಿ ಮರಗಳನ್ನು ಕಾಯುವುದು ಫಲಕವಲ್ಲ, ಊರಿನವರ ಮಮತೆ ಮತ್ತು ಅಧಿಕಾರಿಗಳ ಎಚ್ಚರಿಕೆ.

ಆದುದರಿಂದ ಸರ್ಕಾರದವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಗೋಮಾಳವನ್ನು ದನಗಳ ತಲೆಯೆಣಿಕೆಯೊಂದರಿಂದಲೇ ಅಳೆಯುವುದು ನಿಲ್ಲಲಿ. ಕೆರೆಗೆ ಹರಿಯುವ ನೀರು, ನೆಲದ ಮೇಲೆ ತಂಗುವ ಹಕ್ಕಿ, ಜಾತ್ರೆ ನೆರೆಯುವ ಬಯಲು, ಇವೂ ಲೆಕ್ಕಕ್ಕೆ ಬರಲಿ. ಪಟ್ಟಣದ ಮಹಾಜನರೂ ಈ ಸಲ ಘಾಟಿಗೆ ಹೋದಾಗ ತೇರನ್ನು ನೋಡಿ ಹಿಂದಿರುಗುವುದಕ್ಕೆ ಮುಂಚೆ ಎತ್ತು ಕಟ್ಟಿದವರನ್ನು ಕಂಡು, ಅವರ ಊರಿನಲ್ಲಿ ಮೇವಿನ ನೆಲವೆಷ್ಟು ಉಳಿದಿದೆಯೆಂದು ವಿಚಾರಿಸಲಿ. ಹುಲ್ಲು ಹೋದ ಊರಿನಿಂದ ಎತ್ತು ಜಾತ್ರೆಗೆ ಬಾರದು.