ಕಡ್ಡಾಯ ಎಂಬ ಮಾತು ಯಾರ ಮಗನಿಗೆ?

ಕಳೆದ ವಾರ ಪೀಣ್ಯದ ನಮ್ಮ ಬೀದಿಯ ಸಹೋದರಿಯೊಬ್ಬರು ಗಾರ್ಮೆಂಟ್ಸ್ ಕೆಲಸ ಮುಗಿಸಿ ನೇರ ನಮ್ಮ ಮನೆಗೆ ಬಂದರು. "ಆಪಾ, ಮಿಲಿಟರಿ ಕಡ್ಡಾಯ ಮಾಡ್ತಾರಂತೆ, ನಿಜಾನಾ? ನನ್ನ ಮಗನಿಗೆ ಹದಿನೆಂಟು ತುಂಬ್ತಾ ಇದೆ" ಎಂದರು. "ಈಗಿನ ಹುಡುಗರನ್ನು ಎರಡು ವರ್ಷ ಸೈನ್ಯಕ್ಕೆ ಹಾಕಬೇಕು, ಆಗ ಬುದ್ಧಿ ಬರುತ್ತೆ" ಎಂದು ಬಸ್ಸಿನಲ್ಲಿ ಯಾರೋ ಹೇಳುತ್ತಿದ್ದರಂತೆ.

ಇಂಥ ಮಾತು ನಾವೂ ಆಡಿರುತ್ತೇವೆ. ಆಡುವಾಗ ನಮ್ಮ ಕಣ್ಣ ಮುಂದಿರುವುದು ಪಕ್ಕದ ಮನೆಯ ಹುಡುಗ, ನಮ್ಮ ಮಗನಲ್ಲ.

ದಕ್ಷಿಣ ಕೊರಿಯ, ಸಿಂಗಾಪುರಗಳಲ್ಲಿ ಯುವಕರಿಗೆ ಸೈನಿಕ ಸೇವೆ ಕಡ್ಡಾಯ. ನಮ್ಮ ದೇಶದಲ್ಲಿ ಹಾಗಿಲ್ಲ. ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ವಿಧಿಸಲು ಸಂವಿಧಾನದ 23ನೇ ವಿಧಿ ಸರಕಾರಕ್ಕೆ ಅವಕಾಶ ಕೊಟ್ಟಿದೆ. ಆದರೆ ಧರ್ಮ, ಜನಾಂಗ, ಜಾತಿ, ವರ್ಗ ನೋಡಿ ತಾರತಮ್ಯ ಮಾಡಬಾರದೆಂದೂ ಹೇಳಿದೆ. ಚೀನಾ ಯುದ್ಧದ ನಂತರ 1963ರಲ್ಲಿ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಗಿತ್ತು. 1968ರಲ್ಲಿ ಅದೂ ಐಚ್ಛಿಕವಾಯಿತು.

ಇಷ್ಟು ಹೇಳಿದ ಮೇಲೂ ಆ ತಾಯಿ ಏಳಲಿಲ್ಲ. "ಅವನೇ ಅಗ್ನಿವೀರ ಆಗ್ತೀನಿ ಅಂತಿದಾನೆ ಆಪಾ. ಕಡ್ಡಾಯ ಇಲ್ಲ ಅಂದ್ರಿ. ಮನೆ ಬಾಡಿಗೆ ಕಡ್ಡಾಯ ಅಲ್ವಾ?"

ನನ್ನ ಬಳಿ ತಕ್ಷಣ ಉತ್ತರವಿರಲಿಲ್ಲ.

ಅಗ್ನಿಪಥ ಯೋಜನೆ ಘೋಷಣೆಯಾದದ್ದು 2022ರ ಜೂನ್‌ನಲ್ಲಿ. ಅಂದಿನ ನಿಯಮದಂತೆ ಸೇವೆ ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಕೈಗೆ ಬರುವುದು 21,000. ಉಳಿದದ್ದು ಸೇವಾ ನಿಧಿಗೆ ಹೋಗುತ್ತದೆ. ಸರಕಾರವೂ ಅಷ್ಟೇ ಹಾಕಿ, ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ಸಿಗುತ್ತದೆ. ಪಿಂಚಣಿ ಇಲ್ಲ. ಕಾಯಂ ಆಗುವವರು ನೂರಕ್ಕೆ ಹೆಚ್ಚೆಂದರೆ 25 ಮಂದಿ. ಉಳಿದವರು ಊರಿಗೆ ಮರಳಿ ಮತ್ತೆ ಕೆಲಸ ಹುಡುಕಬೇಕು.

ಹಾಗಾದರೆ ತಡೆಯಬೇಕೇ? "ನಮ್ಮವರಿಗೆ ಅಲ್ಲೇನು ಕೆಲಸ" ಎಂದು ತಡೆಯುವುದು ಸರಿಯಲ್ಲ. 1948ರಲ್ಲಿ ಕಾಶ್ಮೀರದಲ್ಲಿ ಪ್ರಾಣ ಕೊಟ್ಟ ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್, 1965ರ ಯುದ್ಧದಲ್ಲಿ ಮಡಿದು ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್, ಇಬ್ಬರೂ ಸ್ವಂತ ಇಚ್ಛೆಯಿಂದ ಹೋದವರು. ಆದರೆ ಬಾಡಿಗೆಯ ಚಿಂತೆಯೊಂದೇ ಮಗನನ್ನು ದೂಡುತ್ತಿದ್ದರೆ ಅದನ್ನು ಇಚ್ಛೆ ಎನ್ನಲಾಗದು.

ಯುದ್ಧಕ್ಕೆ ಹೊರಡಲು ಅನುಮತಿ ಕೇಳಿ ಬಂದವನೊಬ್ಬನಿಗೆ ಪ್ರವಾದಿ(ಸ)ರು ಮೊದಲು ಕೇಳಿದ್ದು, ತಂದೆ ತಾಯಿ ಬದುಕಿದ್ದಾರೆಯೇ ಎಂದು. ಇದ್ದಾರೆಂದಾಗ, ಅವರ ಸೇವೆ ಮಾಡೆಂದು ಕಳುಹಿಸಿದರು. ಹೋಗುವವನ ಹಿಂದೆ ಒಂದು ಮನೆ ಇದೆ ಎಂಬುದನ್ನು ಅವರು ಮರೆಯಲಿಲ್ಲ.

ಆ ಸಹೋದರಿಗೆ ನಾನು ಹೇಳಿದ್ದು ಇಷ್ಟೇ: "ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ, ಮನೆಯಲ್ಲಿ ಕಷ್ಟ ಇಲ್ಲದಿದ್ದರೂ ಹೋಗ್ತಿದ್ಯಾ ಮಗಾ ಅಂತ. ಹೌದು ಅಂದರೆ ದುಆ ಮಾಡಿ ಕಳುಹಿಸಿ. ಸುಮ್ಮನಿದ್ದರೆ, ಮೊದಲು ಐಟಿಐ ಮುಗಿಸಲು ಹೇಳಿ."

ಮುಂದಿನ ಸಲ ಬಸ್ಸಿನಲ್ಲಿ ಆ ಮಾತು ಕೇಳಿದರೆ, ಸಹೋದರಿಯರೇ, ನೀವೂ ಕೇಳಿ: ಮೊದಲು ಯಾರ ಮಗ?