ಇಂದಿರಾನಗರದ ಐಸು, ಶಿವಾಜಿನಗರದ ಐಸು

ಬೇಸಗೆ ಕಾಲಿಟ್ಟೊಡನೆ ಬೆಂಗಳೂರಿನ ವ್ಯಾಪಾರಿಗಳಿಗೆ ಜನರ ಬಾಯಾರಿಕೆಯ ಮೇಲೆ ಎಲ್ಲಿಲ್ಲದ ಕನಿಕರ ಹುಟ್ಟುತ್ತದೆ. ಆ ಕನಿಕರದ ಇತ್ತೀಚಿನ ಅವತಾರವೆಂದರೆ ಅಡಿಗೆಮನೆಯ ಕಟ್ಟೆಯ ಮೇಲೆ ಕೂರಿಸುವ ಐಸಿನ ಪೆಟ್ಟಿಗೆ. ನೀರು ಹೊಯ್ದು ಗುಂಡಿ ಒತ್ತಿದರೆ ಹತ್ತು ನಿಮಿಷದೊಳಗೆ ಐಸುಗಡ್ಡೆ ಉದುರುತ್ತದಂತೆ. ಬೆಲೆ 10 ಸಾವಿರ ರೂಪಾಯಿಯ ಆಚೀಚೆ ಆರಂಭವಾಗಿ, ಕೊಳ್ಳುವವನ ಜೇಬು ಸಹಿಸುವಷ್ಟು ಮೇಲಕ್ಕೆ ಹೋಗುತ್ತದೆ. ಇಂದಿರಾನಗರದ ನೂರಡಿ ರಸ್ತೆಯ ಸುತ್ತಮುತ್ತ ಇರುವ ಮಹನೀಯರು ಇದನ್ನು ಕೊಂಡರೆ ನಮಗೇನೂ ಹೊಟ್ಟೆಯುರಿಯಿಲ್ಲ; ಅವರ ಹಣ, ಅವರ ಐಸು. ಆದರೆ ನಮ್ಮ ಜಿಲ್ಲೆಯಿಂದ ಹೊಟ್ಟೆಪಾಡಿಗೆ ಹೋಗಿ ಕೆ.ಆರ್. ಪುರದಲ್ಲಿಯೊ ಹಲಸೂರಿನ ಒಳಬೀದಿಯಲ್ಲಿಯೊ ಬಾಡಿಗೆ ಕೋಣೆ ಹಿಡಿದಿರುವ ಹುಡುಗರೂ ಈಗ ಹಬ್ಬಕ್ಕೆ ಊರಿಗೆ ಬಂದಾಗ, ಕಂತಿನ ಮೇಲೆ ಯಾವ ಪೆಟ್ಟಿಗೆ ಕೊಳ್ಳಬಹುದು ಎಂದು ಕೇಳತೊಡಗಿದ್ದಾರೆ. ಆದುದರಿಂದ ಈ ಮಾತು ನಮ್ಮ ಪತ್ರಿಕೆಯ ಅಂಕಣಕ್ಕೂ ಬರಬೇಕಾಯಿತು.

ಮೊದಲು ಪೆಟ್ಟಿಗೆಯ ಮೇಲಿನ ಬರಹವನ್ನೇ ಓದೋಣ. ‘ದಿನಕ್ಕೆ 12 ಕಿಲೊ’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ದಿನವೆಂದರೆ 24 ಗಂಟೆ. ಹಗಲು ರಾತ್ರಿ ಎಡೆಬಿಡದೆ ಯಂತ್ರ ಓಡಬೇಕು. ಪಕ್ಕದಲ್ಲಿ ಒಬ್ಬಾತ ನಿಂತು ನೀರು ತುಂಬುತ್ತಿರಬೇಕು, ಐಸು ತೆಗೆಯುತ್ತಿರಬೇಕು. ಕೋಣೆಯೂ ನೀರೂ ತಂಪಾಗಿರಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಸಿಲು 39.2 ಡಿಗ್ರಿ ಮುಟ್ಟಿತ್ತು. ಅಂಥ ಮಧ್ಯಾಹ್ನ ತಗಡಿನ ಮಾಡಿನ ಕೆಳಗಿನ ಅಡಿಗೆಮನೆಯಲ್ಲಿ, ಅಂದರೆ ಐಸು ನಿಜವಾಗಿ ಬೇಕಾದ ಹೊತ್ತಿನಲ್ಲಿ, ಈ ಯಂತ್ರ ಎಲ್ಲಕ್ಕಿಂತ ನಿಧಾನವಾಗಿ ಕೆಲಸ ಮಾಡುತ್ತದೆ. ಒಂದು ಕಿಲೊ ನೀರು 30 ಡಿಗ್ರಿಯಿಂದ ಸೊನ್ನೆಗೆ ಇಳಿಯಲು 30 ಕಿಲೊಕ್ಯಾಲರಿ ಶಾಖವನ್ನು ಬಿಡಬೇಕು. ಅದೇ ನೀರು ಗಡ್ಡೆಯಾಗಲು ಇನ್ನೂ 80 ಬಿಡಬೇಕು. ಈ ಶಾಖವೆಲ್ಲ ಎಲ್ಲಿಗೆ ಹೋಗಬೇಕು? ಪೆಟ್ಟಿಗೆಯ ಬೆನ್ನಿನಿಂದ ನಿಮ್ಮ ಅಡಿಗೆಮನೆಗೇ. ಲೋಟವನ್ನು ತಣ್ಣಗೆ ಮಾಡಿ ಮನೆಯನ್ನು ಬೆಚ್ಚಗೆ ಮಾಡುವುದೇ ಇದರ ಕಸುಬು.

ಇನ್ನು ಜಾಹೀರಾತಿನಲ್ಲಿ ಯಾರೂ ಹೇಳದ ಗುಟ್ಟೊಂದಿದೆ. ಐಸು ಬೀಳುವ ಬುಟ್ಟಿ ಶೀತಲ ಪೆಟ್ಟಿಗೆಯಲ್ಲ. ಅಗ್ಗದ ಯಂತ್ರಗಳಲ್ಲಿ ತಣ್ಣಗಿರುವುದು ನೀರಿನಲ್ಲಿ ಮುಳುಗುವ ಲೋಹದ ಬೆರಳುಗಳು ಮಾತ್ರ. ಬೆರಳಿನ ಸುತ್ತ ಐಸು ಕಟ್ಟುತ್ತದೆ. ಬೆರಳು ಕ್ಷಣಕಾಲ ಬೆಚ್ಚಗಾಗುತ್ತದೆ. ನಡುವೆ ಟೊಳ್ಳಾದ, ಮಬ್ಬು ಬಣ್ಣದ, ಮೈಯೆಲ್ಲ ಒದ್ದೆಯಾದ ಗಡ್ಡೆ ಕಳಚಿ ಬುಟ್ಟಿಗೆ ಬೀಳುತ್ತದೆ. ಬಿದ್ದ ಗಳಿಗೆಯಿಂದಲೇ ಅದು ಕರಗತೊಡಗುತ್ತದೆ. ಕರಗಿದ ನೀರು ಕೆಳಗಿನ ತೊಟ್ಟಿಗಿಳಿದು ಮತ್ತೆ ಐಸಾಗುತ್ತದೆ. ಹಗಲೆಲ್ಲ ನೇಯ್ದುದನ್ನು ರಾತ್ರಿ ಬಿಚ್ಚುವ ಕೆಲಸವಿದು. ವಿದ್ಯುತ್ತಿನ ಮಾಪಕ ಮಾತ್ರ ಮುಂದಕ್ಕೇ ಓಡುತ್ತದೆ. ಐಸು ಸಂಜೆಯವರೆಗೆ ಉಳಿಯಬೇಕಾದರೆ ತೆಗೆದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಇಡಬೇಕು. ಆ ಖಾನೆ ಮನೆಯಲ್ಲಿ ಇರುವುದಾದರೆ ಈ ಪೆಟ್ಟಿಗೆ ಏತಕ್ಕೆ? ಐವತ್ತು ನೂರು ರೂಪಾಯಿಯ ಎರಡು ಟ್ರೇಗಳಲ್ಲಿ ರಾತ್ರಿ ನೀರು ಹೊಯ್ದಿಟ್ಟರೆ ಬೆಳಿಗ್ಗೆಗೆ ಗಟ್ಟಿಯಾದ, ನಿಧಾನವಾಗಿ ಕರಗುವ ಐಸು ಸಿದ್ಧ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಕಂತಿನ ವ್ಯಾಪಾರ ಬರುವ ಮೊದಲೇ ಹುಟ್ಟಿದ್ದು. ಈಗ ಮಲ್ಲಿಗೆಗೂ ಬಡ್ಡಿ ಕಟ್ಟಬೇಕು.

ವಿದ್ಯುತ್ತಿನ ವಿಷಯದಲ್ಲಿ ಯಂತ್ರಕ್ಕೆ ಅನ್ಯಾಯ ಮಾಡಲು ನಮಗೆ ಇಷ್ಟವಿಲ್ಲ. 120 ವಾಟ್ ಎಂದು ಬರೆದಿರುವ ಪೆಟ್ಟಿಗೆ ತಾನು ಹೇಳಿದಂತೆಯೇ ನಡೆದುಕೊಂಡರೆ ಒಂದು ಕಿಲೊ ಐಸಿಗೆ ಸುಮಾರು ಕಾಲು ಯೂನಿಟ್ ಸಾಕು. ದಿನಕ್ಕೊಂದು ಕಿಲೊ ಮಾಡುವ ಮನೆಗೆ ತಿಂಗಳಿಗೆ ಏಳೆಂಟು ಯೂನಿಟ್. ಇದೇನೂ ದೊಡ್ಡ ಲೂಟಿಯಲ್ಲ. ಆದರೆ ಗೃಹಜ್ಯೋತಿಯ ಸೊನ್ನೆ ಬಿಲ್ಲಿನ ಮೇಲೆ ಬದುಕು ತೂಗಿಸುವ ಮನೆಯವರು ಒಂದು ಲೆಕ್ಕ ಇಟ್ಟುಕೊಳ್ಳತಕ್ಕದ್ದು: 200 ಯೂನಿಟ್‌ನ ಗೆರೆ ದಾಟಿದರೆ ದಾಟಿದ ಒಂದೆರಡು ಯೂನಿಟ್‌ಗಲ್ಲ, ಇಡೀ ಬಿಲ್ಲಿಗೆ ಹಣ ಕಟ್ಟಬೇಕು. ಗೆರೆಯ ಅಂಚಿನಲ್ಲಿರುವ ಸಂಸಾರಕ್ಕೆ ಏಳು ಯೂನಿಟ್ ಐಸು ಬಹಳ ದುಬಾರಿಯಾದ ಐಸು.

ನಮ್ಮ ನಿಜವಾದ ತಕರಾರು ಇರುವುದು ನೀರಿನ ಬಗ್ಗೆ. ‘ಮನೆಯ ಐಸು, ಶುದ್ಧ ಐಸು’ ಎಂಬ ಮಾತನ್ನು ಹರಡಿರುವವರು ಯಾರು? ಈ ಪೆಟ್ಟಿಗೆ ನೀರನ್ನು ಶುದ್ಧ ಮಾಡುವುದಿಲ್ಲ. ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ; ಬಹುಪಾಲು ಮಲಗಿರುತ್ತವೆ, ಕರಗಿದೊಡನೆ ಏಳುತ್ತವೆ. ಯಾವ ನೀರನ್ನು ಹೊಯ್ದಿರೊ ಅದೇ ನೀರಿನ ಐಸು. ಹಲಸೂರಿಗೂ ಇಂದಿರಾನಗರಕ್ಕೂ ಕಾವೇರಿ ನೀರು ಸುಮಾರು 100 ಕಿಲೊಮೀಟರ್ ದೂರದ ತೊರೆಕಾಡನಹಳ್ಳಿಯ ಕಡೆಯಿಂದ ಹಂತ ಹಂತವಾಗಿ ಮೇಲೇರಿ ಬರುತ್ತದೆ. ಕೆ.ಆರ್. ಪುರದ ಆಚೆಗಿನ ಹಳ್ಳಿಗಳನ್ನು ನಗರಕ್ಕೆ ಸೇರಿಸಿಕೊಂಡು ತೆರಿಗೆ ಎತ್ತಿದವರು, ಕಾವೇರಿ ಐದನೆಯ ಹಂತವನ್ನು ತೆರೆದದ್ದು 2024ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಮಾರ್ಚಿಯಲ್ಲಿ ಕೊಳವೆ ಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. 6,000 ಲೀಟರ್ ಟ್ಯಾಂಕರಿಗೆ 5 ಕಿಲೊಮೀಟರ್ ಒಳಗೆ 600 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಬೇಕಾಯಿತು. ಕೊಳವೆ ಬಾವಿಯನ್ನೂ ಟ್ಯಾಂಕರನ್ನೂ ನಂಬಿದ ಬೀದಿಗಳು ಪೂರ್ವ ಭಾಗದಲ್ಲಿ ಇನ್ನೂ ಇವೆ. ಆ ಗಡಸು ನೀರನ್ನು ಪೆಟ್ಟಿಗೆಗೆ ಹೊಯ್ದರೆ ಕೆಲವೇ ತಿಂಗಳಲ್ಲಿ ಬೆರಳುಗಳ ಮೇಲೆ ಸುಣ್ಣ ಕಟ್ಟುತ್ತದೆ, ಕೊಳವೆ ಕಟ್ಟುತ್ತದೆ, ನೀರಿದ್ದರೂ ‘ನೀರಿಲ್ಲ’ ಎಂಬ ಕೆಂಪು ದೀಪ ಹತ್ತುತ್ತದೆ. ಅದನ್ನು ತಪ್ಪಿಸಲು ಶುದ್ಧೀಕರಣ ಯಂತ್ರದ ನೀರನ್ನೇ ಹೊಯ್ಯಿರಿ ಎನ್ನುತ್ತಾರೆ. ಆ ಯಂತ್ರವೊ, ಒಂದು ಬಿಂದಿಗೆ ಒಳ್ಳೆಯ ನೀರು ಕೊಡಲು ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ನೀರನ್ನು ಮೋರಿಗೆ ಬಿಡುತ್ತದೆ. ಒಂದು ಪೆಟ್ಟಿಗೆ ಕೊಂಡವನು ಅದನ್ನು ಸಾಕಲು ಇನ್ನೊಂದು ಪೆಟ್ಟಿಗೆ ಕೊಳ್ಳಬೇಕು.

ಐಸಿನ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ ಇದು ಎಂಥ ಹಿನ್ನಡಿಗೆ ಎಂಬುದು ತಿಳಿಯುತ್ತದೆ. 1775ರಲ್ಲಿ ರಾಬರ್ಟ್ ಬಾರ್ಕರ್ ಎಂಬ ಆಂಗ್ಲ ಸೇನಾಧಿಕಾರಿ ಅಲಹಾಬಾದಿನಲ್ಲಿ ಐಸು ತೆಗೆಯುವ ರೀತಿಯನ್ನು ಬರೆದಿಟ್ಟಿದ್ದಾನೆ: ಚಳಿಗಾಲದ ತಿಳಿ ರಾತ್ರಿಗಳಲ್ಲಿ ಹಳ್ಳ ತೋಡಿ, ಒಣ ದಂಟು ಹಾಸಿ, ಅದರ ಮೇಲೆ ಮಣ್ಣಿನ ತೆಳು ತಟ್ಟೆಗಳಲ್ಲಿ ನೀರಿಟ್ಟು, ಸೂರ್ಯ ಹುಟ್ಟುವ ಮೊದಲು ಕೂಲಿಯಾಳುಗಳಿಂದ ಐಸು ಆಯಿಸುತ್ತಿದ್ದರು. ಕೈ ಮರಗಟ್ಟಿದ್ದು ಕೂಲಿಯವನದು, ಗಂಟಲು ತಣಿದದ್ದು ದೊರೆಯದು. 1833ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಅಮೆರಿಕದ ಕೆರೆಗಳ ಐಸನ್ನು ಕೊಯ್ದು ಹಡಗಿನಲ್ಲಿ ಕಲ್ಕತ್ತೆಗೆ ಕಳುಹಿಸಿದ. 180 ಟನ್ ಹೊರಟು, ನಾಲ್ಕು ತಿಂಗಳ ಪಯಣದಲ್ಲಿ ಕರಗಿ, ಸುಮಾರು 100 ಟನ್ ಮುಟ್ಟಿತು. ಮದ್ರಾಸಿನ ಕಡಲ ದಂಡೆಯಲ್ಲಿ ಅದಕ್ಕೊಂದು ಐಸ್ ಹೌಸ್ ಕಟ್ಟಿದರು. 1897ರಲ್ಲಿ ವಿವೇಕಾನಂದರು ತಂಗಿದ್ದ ಆ ಕಟ್ಟಡ ಇಂದಿಗೂ ನಿಂತಿದೆ. ಆ ಐಸು ಬಿಳಿಯರ ಬಂಗಲೆಗೂ ಕ್ಲಬ್ಬಿಗೂ ಹೋಯಿತೇ ಹೊರತು ಹಡಗಿನಿಂದ ಇಳಿಸಿದ ಹಮಾಲಿಯ ಮಕ್ಕಳ ನಾಲಗೆಗೆ ಮುಟ್ಟಲಿಲ್ಲ.

ಐಸು ಬೀದಿಗೆ ಇಳಿದದ್ದು ಕಾರ್ಖಾನೆ ಬಂದ ಮೇಲೆ. ಅಮೋನಿಯ ಅನಿಲದಿಂದ ಉಪ್ಪುನೀರಿನ ತೊಟ್ಟಿಯನ್ನು ಸೊನ್ನೆಗಿಂತ ಕೆಳಗೆ ತಣಿಸಿ, ಅದರಲ್ಲಿ ನೀರು ತುಂಬಿದ ತಗಡಿನ ಡಬ್ಬಗಳನ್ನು ಇಳಿಬಿಟ್ಟು, ಎದೆಯೆತ್ತರದ ಹಾಸುಗಲ್ಲಿನಂಥ ಗಡ್ಡೆ ತೆಗೆಯುವ ವಿಧಾನವದು. ದೊಡ್ಡ ಗಡ್ಡೆ ತೂಕಕ್ಕೆ ತಕ್ಕಷ್ಟು ಮೈಯನ್ನು ಬಿಸಿಲಿಗೆ ಒಡ್ಡುವುದಿಲ್ಲವಾದ್ದರಿಂದ ನಿಧಾನವಾಗಿ ಕರಗುತ್ತದೆ. ಹೊಟ್ಟು ಮುಚ್ಚಿ ಗೋಣಿ ಸುತ್ತಿದರೆ ದಿನವಿಡೀ ಬಾಳುತ್ತದೆ. ಹೀಗೆ ಎಲ್ಲರಿಗಾಗಿ ಒಂದೆಡೆ ಮಾಡಿದ್ದರಿಂದಲೇ ಐಸು ಪಾನಕದ ಗಾಡಿಗೂ ಮೀನಿನ ಬುಟ್ಟಿಗೂ ಕೈಗೆಟುಕಿತು. ಈಗ ಅದೇ ಐಸನ್ನು ಮತ್ತೆ ಒಬ್ಬೊಬ್ಬನ ಅಡಿಗೆಮನೆಯೊಳಗೆ ಕೂಡಿಹಾಕಿ, ಪ್ರಗತಿ ಎಂದು ಹೆಸರಿಡುತ್ತಿದ್ದಾರೆ. ಅದೂ ಬಹುಪಾಲು ಚೀನಾದಲ್ಲಿ ತಯಾರಾದ ಪೆಟ್ಟಿಗೆ! ಬೈಯಪ್ಪನಹಳ್ಳಿಯಲ್ಲಿ ಸರ್ಕಾರದ ಎನ್‌ಜಿಇಎಫ್ ಕಾರ್ಖಾನೆ ಮೋಟಾರುಗಳನ್ನು ತಯಾರಿಸುತ್ತಿತ್ತು. ಅದಕ್ಕೆ 2002ರಲ್ಲಿ ಬೀಗ ಹಾಕಿದರು. ಈ ಮಾತು ಇಲ್ಲಿಗೆ ಸಾಕು, ಅದು ಬೇರೆಯೇ ಕಥೆ.

ಶಿವಾಜಿನಗರಕ್ಕೆ ಬನ್ನಿ. 1809ರಲ್ಲಿ ಹುಟ್ಟಿದ ದಂಡಿನ ಹೊಟ್ಟೆ ತುಂಬಿಸುತ್ತಿದ್ದ ಪೇಟೆ ಇದು. ರಸೆಲ್ ಮಾರುಕಟ್ಟೆಯ ಮೀನಿನ ಅಂಗಡಿಗಳಲ್ಲಿ ಬೆಳಗಾಗುವ ಮೊದಲೇ ಐಸುಗಡ್ಡೆ ಕುಟ್ಟುವ ಸದ್ದು. ಹೊರಗೆ ಕಬ್ಬಿನ ಹಾಲು, ನಿಂಬೆ ಷರಬತ್ತು, ಐಸ್ ಗೋಲಾ. ರಂಜಾನ್ ತಿಂಗಳ ಸಂಜೆ ಉಪವಾಸ ಬಿಡುವವರಿಗೆ ಬಣ್ಣ ಬಣ್ಣದ ಪಾನೀಯ. ಈ ಲೋಟಗಳಿಗೆ ಬೀಳುವ ಐಸು ಎಲ್ಲಿಯದು? ತಿನ್ನಲು ಯೋಗ್ಯವಲ್ಲದ, ಆಹಾರವಸ್ತು ಕೆಡದಂತೆ ಇಡಲು ಮಾತ್ರ ಬಳಸುವ ಐಸಿಗೆ ನೀಲಿ ಬಣ್ಣ ಹಾಕಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಅಪ್ಪಣೆ ಮಾಡಿದೆ. ಒಳ್ಳೆಯ ಅಪ್ಪಣೆಯೇ. ಬಣ್ಣ ಹಾಕಿದರೆ ಗೋಲಾ ಗಾಡಿಯವನು ಅದನ್ನು ಕೊಳ್ಳಲಾರ. ಕೊಂಡರೂ ಮಕ್ಕಳ ತಾಯಂದಿರು ಕಂಡುಹಿಡಿಯುತ್ತಾರೆ. ಆದರೆ ಗಾಡಿಗಳಲ್ಲಿ ಕಾಣುವ ಐಸೆಲ್ಲ ಬಿಳಿಯೇ. ಆ ಬಿಳಿ ಗಡ್ಡೆ ಕುಡಿಯುವ ನೀರಿನದೊ, ಬಣ್ಣ ಹಾಕದೆ ದಾಟಿಸಿದ ಇನ್ನೊಂದೊ, ಗಾಡಿಯವನಿಗೂ ತಿಳಿಯದು, ಕುಡಿಯುವವನಿಗೂ ತಿಳಿಯದು. ವಾಂತಿ ಭೇದಿಯ ಸುದ್ದಿ ಬಂದ ದಿನ ಅಧಿಕಾರಿಗಳು ಬೀದಿಗೆ ಇಳಿಯುತ್ತಾರೆ. ಇಳಿದು ಮಾಡುವುದೇನು? ಗಾಡಿಯವನ ಐಸನ್ನು ಮೋರಿಗೆ ಸುರಿಯುತ್ತಾರೆ, ತಕ್ಕಡಿ ಕಸಿಯುತ್ತಾರೆ. ಐಸು ಹುಟ್ಟುವ ಸ್ಥಳದಲ್ಲಿ ಒಂದು ಸೀಸೆ ನೀರು ಹಿಡಿದು ಪರೀಕ್ಷೆಗೆ ಕಳುಹಿಸಿದರೆ ತಿಳಿಯಬಹುದಾದ ಸತ್ಯವನ್ನು ನೂರು ಗಾಡಿಗಳ ಮೇಲೆ ಲಾಠಿ ಬೀಸಿ ಹುಡುಕುವ ಬುದ್ಧಿವಂತಿಕೆ ಇದು.

ಇಂಥ ಸ್ಥಿತಿಯಲ್ಲಿ ‘ಬೀದಿಯ ಐಸು ಕೆಟ್ಟದ್ದು, ಆದುದರಿಂದ ಮನೆಗೊಂದು ಯಂತ್ರ ಕೊಳ್ಳಿ’ ಎಂಬ ಉಪದೇಶ ಬರುತ್ತದೆ. ನಲ್ಲಿ ನೀರು ಕೆಟ್ಟಾಗ ಡಬ್ಬದ ನೀರು ಮಾರಿದರು, ಸರ್ಕಾರಿ ಬಸ್ಸು ಸಾಲದಾದಾಗ ಸಾಲದ ಮೇಲೆ ಬೈಕು ಮಾರಿದರು. ಈಗ ಐಸಿನ ಸರದಿ. ಕೊಂಡವರು ಕಿಟಕಿ ಮುಚ್ಚಿಕೊಂಡು ಸುಮ್ಮನಾಗುತ್ತಾರೆ. ಬೀದಿಯ ಐಸನ್ನು ಸರಿಪಡಿಸಿ ಎಂದು ಕೇಳುವ ಗಂಟಲು ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ. ಹತ್ತು ಸಾವಿರ ರೂಪಾಯಿಯ ಪೆಟ್ಟಿಗೆಯಿಂದ ಆಗುವ ದೊಡ್ಡ ನಷ್ಟ ಇದೇ ಎಂದು ನಮ್ಮ ಅಭಿಪ್ರಾಯ.

ಹಾಗೆಂದು ಯಾರೂ ಕೊಳ್ಳಲೇಬಾರದೆಂಬ ಹಟ ನಮಗಿಲ್ಲ. ಫ್ರಿಜ್ಜಿಗೆ ಜಾಗವಿಲ್ಲದ ಕೋಣೆಯಲ್ಲಿ ಇರುವವರು, ಮನೆಯಿಂದಲೇ ಷರಬತ್ತು ಮಾಡಿ ಮಾರುವ ಹೆಂಗಸರು ಕೊಳ್ಳಬಹುದು. ಅಂಥವರಿಗೆ ನಾಲ್ಕು ಮಾತು. ತಳದಲ್ಲಿ ನೀರು ಬಸಿಯುವ ಬಿರಡೆ ಇಲ್ಲದ ಯಂತ್ರವನ್ನು ಮುಟ್ಟಬೇಡಿ. ನಿಂತ ನೀರಿನಲ್ಲಿ ಲೋಳೆ ಕಟ್ಟುತ್ತದೆ, ಪ್ರತಿ ರಾತ್ರಿ ಬಸಿದು ಒರೆಸಬೇಕು. ತಂದ ದಿನವೇ ಚಾಲೂ ಮಾಡದೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ. ಸಾಗಣೆಯಲ್ಲಿ ವಾಲಿದ್ದರೆ ಒಳಗಿನ ಎಣ್ಣೆ ಸ್ವಸ್ಥಾನಕ್ಕೆ ಇಳಿಯಬೇಕು. ಗೋಡೆಗೆ ಒತ್ತಿ ಇಡಬೇಡಿ, ಅದರ ಬೆನ್ನಿಗೆ ಗಾಳಿ ಬೇಕು. ಮೊದಲ ಎರಡು ಮೂರು ಬಾರಿಯ ಐಸನ್ನು ಚೆಲ್ಲಿ. ಸುಣ್ಣ ಕಟ್ಟಿದರೆ ನಿಂಬೆಹುಳಿಯ ನೀರಿನಲ್ಲಿ ತೊಳೆಯಿರಿ. ಗಾಜಿನಂತೆ ಹೊಳೆಯುವ ಐಸು, ಅಗಿಯಲು ಮೃದುವಾದ ಐಸು ಎಂದು ಹೆಚ್ಚು ಹಣ ಕೇಳುವವರಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ. ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂದು ಅಂಗಡಿಯವನ ಬಾಯಿಂದ ಹೆಸರು ವಿಳಾಸ ಬರೆಸಿಕೊಳ್ಳಿ. ಫ್ರಿಜ್ಜು ಇದ್ದವರಿಗೆ ಟ್ರೇ ಸಾಕು.

2025ರಲ್ಲಿ ಬೆಂಗಳೂರಿನ ಒಂದು ಪಾಲಿಕೆಯನ್ನು ಐದು ಮಾಡಿದರು. ಶಿವಾಜಿನಗರವೂ ಇಂದಿರಾನಗರವೂ ಕೇಂದ್ರ ಪಾಲಿಕೆಯಲ್ಲಿವೆ, ಕೆ.ಆರ್. ಪುರ ಪೂರ್ವ ಪಾಲಿಕೆಯಲ್ಲಿದೆ. ಐದು ಕಚೇರಿ, ಐದು ನಾಮಫಲಕ ಆದವು. ನಾವು ಕೇಳುವುದು ಎರಡು ಐಸು ಕಾರ್ಖಾನೆ ಮಾತ್ರ: ಒಂದು ರಸೆಲ್ ಮಾರುಕಟ್ಟೆಯ ಮಗ್ಗುಲಲ್ಲಿ, ಇನ್ನೊಂದು ಕೆ.ಆರ್. ಪುರದ ಮಾರುಕಟ್ಟೆಯ ಹತ್ತಿರ. ಕುಡಿಯುವ ನೀರಿನಿಂದಲೇ ಮಾಡಿದ ಐಸನ್ನು ಪಾಲಿಕೆ ಲಾಭವಿಲ್ಲದ ದರಕ್ಕೆ ಗಾಡಿಯವರಿಗೆ ತೂಗಿ ಕೊಡಲಿ. ಖಾಸಗಿ ಕಾರ್ಖಾನೆಗಳು ತಿನ್ನದ ಐಸಿಗೆ ನೀಲಿ ಹಾಕುತ್ತಿವೆಯೆ ಎಂದು ಇನ್‌ಸ್ಪೆಕ್ಟರರು ಬೆಳಗಿನ ನಾಲ್ಕು ಗಂಟೆಗೆ, ಲಾರಿ ತುಂಬುವ ಹೊತ್ತಿನಲ್ಲಿ, ಹೋಗಿ ನೋಡಲಿ. ನೀರಿನ ಪರೀಕ್ಷೆಯ ಫಲಿತಾಂಶವನ್ನು ವಾರಕ್ಕೊಮ್ಮೆ ಕನ್ನಡ, ಉರ್ದು, ತಮಿಳುಗಳಲ್ಲಿ ಬರೆದು ಮಾರುಕಟ್ಟೆಯ ಬಾಗಿಲಿಗೆ ತೂಗುಹಾಕಲಿ. ಮತ ಕೇಳಲು ಬಂದವರನ್ನು ನಮ್ಮ ಹುಡುಗರು ಮೆಟ್ರೊ ಸುರಂಗದ ಬಗ್ಗೆ ಕೇಳಿದ ಮೇಲೆ ಇದನ್ನೂ ಕೇಳಲಿ, ಮತ್ತು ಬರುವ ಮಾರ್ಚಿಗೆ ಮೊದಲು ಎಂದು ಗಡುವು ಹೇಳಲಿ.