ಗಾತ್ರವೊಂದೇ ಗುರುತಲ್ಲ

ನಮ್ಮ ದೇಹದ ಜೀವಕೋಶಗಳು ಸದಾ ಪುಟ್ಟ ಪುಟ್ಟ ಚೀಲಗಳನ್ನು ಹೊರಚೆಲ್ಲುತ್ತಿರುತ್ತವೆ. ಎಕ್ಸೊಸೋಮ್‌ಗಳೆಂದು ಹೆಸರಾದವುಗಳ ಅಡ್ಡಳತೆ ಸುಮಾರು 30ರಿಂದ 150 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲೇ ನ್ಯಾನೋಮೀಟರ್. 1983ರಲ್ಲಿ ಮಾಂಟ್ರಿಯಲ್ ಮತ್ತು ಸೇಂಟ್ ಲೂಯಿಯ ಸಂಶೋಧಕರು ಎಳೆಯ ಕೆಂಪು ರಕ್ತಕಣಗಳಲ್ಲಿ ಇವನ್ನು ಗುರುತಿಸಿದಾಗ, ಇವು ಕೋಶವು ಹೊರಹಾಕುವ ಕಸವೆಂದೇ ಅನೇಕರು ಬಗೆದರು. ಇವುಗಳೊಳಗಿನ ಆರ್‌ಎನ್‌ಎ ಇನ್ನೊಂದು ಕೋಶವನ್ನು ಸೇರಿ ಅಲ್ಲಿ ಕೆಲಸ ಮಾಡಬಲ್ಲುದೆಂದು 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದ ಮೇಲೆ, ಕಸವೆನಿಸಿದ್ದುದು ಓಲೆಯಾಯಿತು. ಕ್ಯಾನ್ಸರಿನ ಕೋಶವು ಕಳುಹಿದ ಓಲೆಯನ್ನು ತುಸು ರಕ್ತದಲ್ಲಿಯೇ ಓದಬಹುದೆಂಬ ಆಸೆಯೂ ಬೆಳೆಯಿತು.

ಓದುವ ಮೊದಲು ಓಲೆಯನ್ನು ಹೆಕ್ಕಿ ತೆಗೆಯಬೇಕಷ್ಟೆ. ಹಳೆಯ ವಿಧಾನದಲ್ಲಿ, ಭೂಮಿಯ ಆಕರ್ಷಣೆಯ ಲಕ್ಷ ಪಟ್ಟು ಬಲ ಒದಗುವಂತೆ ದ್ರವವನ್ನು ಗಂಟೆಗಟ್ಟಲೆ ತಿರುಗಿಸಬೇಕು. ಸೂಕ್ಷ್ಮನಾಳಗಳ ಹೊಸ ವಿಧಾನವು ಹರಿವಿನ ಶಿಸ್ತನ್ನೇ ನಂಬಿದೆ. ಕೂದಲೆಳೆಗಿಂತ ಕಿರಿದಾದ ನಾಳದಲ್ಲಿ ನಿಧಾನವಾಗಿ ಸಾಗುವ ನೀರಿನಲ್ಲಿ ಸುಳಿಯೇಳದು. 1883ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆಯನ್ನು ಹರಿಸಿ ತೋರಿಸಿದಂತೆ ಅದು ಪದರಪದರವಾಗಿ ಹರಿಯುತ್ತದೆ. ಅಂಥ ಹರಿವಿನ ನಡುವೆ ಕಂಬಗಳ ಸಾಲುಗಳನ್ನು ನಿಲ್ಲಿಸಿ, ಪ್ರತಿಯೊಂದು ಸಾಲನ್ನೂ ಹಿಂದಿನದಕ್ಕಿಂತ ತುಸು ಪಕ್ಕಕ್ಕೆ ಸರಿಸಿದರೆ, ಸಣ್ಣ ಕಣಗಳು ನೀರಿನೊಡನೆ ನುಸುಳಿ ಮುಂದೆ ಸಾಗುತ್ತವೆ. ಗೊತ್ತಾದ ಅಳತೆಯನ್ನು ಮೀರಿದವು ಕಂಬಕಂಬಕ್ಕೂ ತಾಗಿ ಓರೆಯಾಗಿ ಸರಿಯುತ್ತವೆ. ಈ ಉಪಾಯವು 2004ರಲ್ಲಿ ಪ್ರಿನ್ಸ್‌ಟನ್ನಿನಿಂದ ಪ್ರಕಟವಾಯಿತು. 2016ರಲ್ಲಿ ಐಬಿಎಂ ಸಂಶೋಧಕರು ಅದನ್ನು 20 ನ್ಯಾನೋಮೀಟರಿನ ಕಣಗಳವರೆಗೂ ಇಳಿಸಿದರು.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದು ಹೆಮ್ಮೆಯ ವಿಷಯವೇ. ಆದರೆ ಕಂಬಗಳು ಅಳೆಯುವುದು ಗಾತ್ರವನ್ನೇ ಹೊರತು ಗುಣವನ್ನಲ್ಲ. ರಕ್ತದಲ್ಲಿ ಕೊಬ್ಬನ್ನು ಹೊತ್ತು ಸಾಗುವ ಲೈಪೋಪ್ರೋಟೀನ್ ಕಣಗಳಲ್ಲಿ ಕೆಲವು ಇದೇ ಅಳತೆಯವು. ಈ ಕಣಗಳು ಸಂಖ್ಯೆಯಲ್ಲಂತೂ ಚೀಲಗಳನ್ನು ಎಷ್ಟೋ ಪಟ್ಟು ಮೀರಿವೆ. ನಾಳದ ಕೊನೆಯಲ್ಲಿ ದೊರೆತುದನ್ನೆಲ್ಲ ಎಕ್ಸೊಸೋಮ್ ಎಂದೆಣಿಸಿ ರೋಗನಿರ್ಣಯಕ್ಕೆ ತೊಡಗಿದರೆ, ಉಂಡ ಕೊಬ್ಬನ್ನು ರೋಗದ ಸುದ್ದಿಯೆಂದು ಓದುವ ಅಪಾಯವುಂಟು. ಆ ತಪ್ಪಿಗೆ ಬೆಲೆ ತೆರುವವನು ಉಪಕರಣವನ್ನು ರಚಿಸಿದವನಲ್ಲ, ರೋಗಿ.

ಆದುದರಿಂದ ಎಷ್ಟು ಬೇಗ, ಎಷ್ಟು ಹೆಚ್ಚು ಎಂದು ಕೇಳುವ ಮೊದಲು ಎಷ್ಟು ಶುದ್ಧ ಎಂದು ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ಗಾತ್ರದಿಂದ ಬೇರ್ಪಡಿಸಿದ ಬಳಿಕ, ಚೀಲದ ಪೊರೆಯ ಮೇಲಣ ಪ್ರೋಟೀನುಗಳಿಂದ ಅದರ ಗುರುತು ಹಿಡಿಯುವ ಎರಡನೆಯ ಪರೀಕ್ಷೆ ನಡೆಯಬೇಕು. ಜೊತೆಗೆ ಉಳಿದ ಲೈಪೋಪ್ರೋಟೀನ್ ಎಷ್ಟೆಂಬುದನ್ನೂ ಫಲಿತಾಂಶದೊಡನೆ ತಿಳಿಸಬೇಕು. ನಮ್ಮ ಅಜ್ಜಿಯರು ಜರಡಿ ಹಿಡಿದ ಅಕ್ಕಿಯನ್ನೂ ಮೊರಕ್ಕೆ ಸುರಿದು ಕಲ್ಲು ಆರಿಸುತ್ತಿದ್ದರು. ಅಕ್ಕಿಯಷ್ಟೇ ಗಾತ್ರದ ಕಲ್ಲು ಜರಡಿಗೆ ಸಿಕ್ಕದೆಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.